ಚಿತ್ರಕಥೆಗಳಲ್ಲಿ ಕಾಣೆಯಾದ ಬಂಧುಗಳು

ಜನಗಣತಿಯ ಹೊತ್ತಗೆಯನ್ನೂ ಮತದಾರರ ಪಟ್ಟಿಯನ್ನೂ ಕಂಕುಳಲ್ಲಿರಿಸಿಕೊಂಡು ಮನೆಮನೆ ಅಲೆಯುವ ಕೆಲಸವು ನಮ್ಮ ದೇಶದಲ್ಲಿ ಪ್ರಾಥಮಿಕ ಶಾಲೆಯ ಉಪಾಧ್ಯಾಯರ ಪಾಲಿಗೆ ಬಂದುದಾಗಿದೆ. ಮನೆಯ ಯಜಮಾನರಾರು, ಉಳಿದವರು ಅವರಿಗೆ ಏನಾಗಬೇಕು, ಯಾರು ಊರಲ್ಲಿದ್ದಾರೆ, ಯಾರು ಇಲ್ಲ ಎಂದು ಕೇಳಿ ಬರೆದುಕೊಳ್ಳುವ ಈ ಅಭ್ಯಾಸವು ಒಮ್ಮೆ ಅಂಟಿತೆಂದರೆ ಬಿಡುವಂಥದಲ್ಲ. ಕಥೆ ಓದುವಾಗಲೂ ಮನಸ್ಸು ತಾನಾಗಿಯೇ ಕಾಲಂಗಳನ್ನು ತುಂಬತೊಡಗುತ್ತದೆ. ಹೀಗೆಯೇ ಒಂದು ರಜಾದಿನ ನನ್ನ ಮನಸ್ಸು ಅಮೆರಿಕದ ಚಿತ್ರಕಥೆಗಳಲ್ಲಿ ಬರುವ ಡಕ್‌ಬರ್ಗ್ ಎಂಬ ಬಾತುಗಳ ಪಟ್ಟಣಕ್ಕೆ ಗಣತಿಗೆ ಹೊರಟಿತು. ಈ ಬಾತುಗಳು ನಮಗೆ ತೀರ ಅಪರಿಚಿತರೇನೂ ಅಲ್ಲ. ನನ್ನ ಪ್ರಾಯದವರಲ್ಲಿ ಅನೇಕರು ಬಾಲ್ಯದಲ್ಲಿ ದೂರದರ್ಶನದ ಪರದೆಯ ಮೇಲೆ ಇವು ಹಿಂದಿಯಲ್ಲಿ ಮಾತನಾಡುವುದನ್ನು ಕಂಡವರೇ.

ಗಣತಿಯ ಫಲಿತಾಂಶ ಹೀಗಿದೆ. ಊರಿನ ಮಹಾ ಧನಿಕ ಸ್ಕ್ರೂಜ್ ಮೆಕ್‌ಡಕ್: ಅವಿವಾಹಿತ. ಅವನ ಅಳಿಯ ಡೊನಾಲ್ಡ್ ಡಕ್: ಅವನೂ ಅವಿವಾಹಿತ. ಡೊನಾಲ್ಡನ ಮನೆಯಲ್ಲಿ ಹ್ಯೂಯಿ, ಡ್ಯೂಯಿ, ಲೂಯಿ ಎಂಬ ಮೂವರು ಹುಡುಗರು, ಸಂಬಂಧ: ಅಳಿಯಂದಿರು. ಡೊನಾಲ್ಡನ ಗೆಳತಿ ಡೇಸಿಯ ಮನೆಗೆ 1953ರಿಂದ ಮೂವರು ಹುಡುಗಿಯರು ಬಂದು ಹೋಗುತ್ತಿದ್ದಾರೆ. ಅವರಿಗೆ ಆಕೆ ಚಿಕ್ಕಮ್ಮ. ಮಿಕ್ಕಿ ಎಂಬ ಇಲಿಯ ಬಳಿಯೂ 1932ರಿಂದ ಇಬ್ಬರು ಅಳಿಯಂದಿರು ಉಂಟು. ತಂದೆ ಎಂಬ ಕಾಲಮಿನಲ್ಲಿಯೂ ತಾಯಿ ಎಂಬ ಕಾಲಮಿನಲ್ಲಿಯೂ ಹೆಚ್ಚಿನ ಕಡೆಗಳಲ್ಲಿ ಬರೆಯುವುದಕ್ಕೆ ಏನೂ ಇಲ್ಲ. ತೀರಿಹೋದರೆ? ಹಾಗೆಂದು ಯಾರೂ ಹೇಳುವುದಿಲ್ಲ. ಪರವೂರಿನಲ್ಲಿದ್ದಾರೆಯೆ? ಅದನ್ನೂ ಹೇಳುವುದಿಲ್ಲ. ಕೇಳುವುದಕ್ಕೆ ನೆರೆಮನೆಯವರ ಬಳಿಗೆ ಹೋಗೋಣವೆಂದರೆ ಅವರ ಮನೆಯ ಕಥೆಯೂ ಅದೇ.

ಈ ಲೆಕ್ಕವನ್ನು ಕಂಡರೆ ನಮ್ಮ ಕಾಸರಗೋಡಿನ ಕಡೆಯ ಓದುಗರಿಗೆ ನಗು ಬರದಿರದು. ಮಾವನ ಆಸ್ತಿ, ಅಳಿಯನ ಹಕ್ಕು, ಅಳಿಯನ ಮನೆಯಲ್ಲಿ ಮತ್ತೆ ಅವನ ಸೋದರಿಯ ಮಕ್ಕಳು. ಇದು ಅಳಿಯಸಂತಾನವಲ್ಲದೆ ಮತ್ತೇನು? 1975ರ ಕಾಯಿದೆಯಿಂದ ಕೇರಳದಲ್ಲಿ ಕೊನೆಗೊಂಡ ನಮ್ಮ ತುಳುನಾಡಿನ ಆ ಪದ್ಧತಿಯು ಬಾತುಗಳ ಲೋಕದಲ್ಲಿ ಇಂದಿಗೂ ಸುಖವಾಗಿ ನಡೆದುಬರುತ್ತಿದೆ ಎಂದು ಹೇಳಬೇಕೆನಿಸುತ್ತದೆ. ಆದರೆ ಒಂದು ಭೇದವನ್ನು ಗಮನಿಸಬೇಕು. ಅಳಿಯಸಂತಾನದಲ್ಲಿ ಕುಟುಂಬಕ್ಕೆ ತಾಯಿಯೇ ಮೂಲ. ಮನೆಯ ಸಾಲು ಆಕೆಯಿಂದಲೇ ಮುಂದುವರಿಯುವುದು. ಡಕ್‌ಬರ್ಗಿನಲ್ಲಿ ಮಾವಂದಿರಿದ್ದಾರೆ, ಅಳಿಯಂದಿರಿದ್ದಾರೆ. ಅವರಿಬ್ಬರ ನಡುವೆ ಇರಬೇಕಾದ ತಾಯಿಯೊಬ್ಬಳೇ ಇಲ್ಲ.

ಆಕೆ ಎಲ್ಲಿ ಹೋದಳು? ಕಥೆಯ ಮೂಲವನ್ನು ಹುಡುಕಿದರೆ ಒಂದು ಕಾಗದ ಸಿಕ್ಕುತ್ತದೆ. 1937ನೆಯ ಅಕ್ಟೋಬರ 17ರ ಭಾನುವಾರ ಅಮೆರಿಕದ ಪತ್ರಿಕೆಗಳಲ್ಲಿ ಬಂದ ಚಿತ್ರಕಥೆಯದು. ಚಿತ್ರಗಳನ್ನು ಬರೆದವರು ಆಲ್ ಟಾಲಿಯಫೆರೊ, ಮಾತುಗಳನ್ನು ಬರೆದವರು ಟೆಡ್ ಆಸ್ಬರ್ನ್. ಡೆಲ್ಲಾ ಎಂಬಾಕೆ ಡೊನಾಲ್ಡನಿಗೆ ಪತ್ರ ಬರೆಯುತ್ತಾಳೆ. ಮಕ್ಕಳು ತಂದೆಯ ಕುರ್ಚಿಯ ಅಡಿಯಲ್ಲಿ ಪಟಾಕಿ ಸಿಡಿಸಿದ್ದಾರೆ. ತಂದೆ ಆಸ್ಪತ್ರೆ ಸೇರಿದ್ದಾನೆ. ಅವನು ಗುಣವಾಗಿ ಮರಳುವವರೆಗೆ ಮಕ್ಕಳು ನಿನ್ನಲ್ಲಿರಲಿ ಎಂಬುದು ಪತ್ರದ ಸಾರಾಂಶ. ಅಂದರೆ ಕೆಲವು ದಿನಗಳ ಮಾತು. ಆ ಕೆಲವು ದಿನಗಳು ಇನ್ನೂ ಮುಗಿದಿಲ್ಲ. ಮರುವರ್ಷ ಚಲನಚಿತ್ರವೊಂದರಲ್ಲಿ ಅದೇ ಮಕ್ಕಳು ಬಂದಾಗ ತಾಯಿಯ ಹೆಸರು ಡಂಬೆಲ್ಲಾ ಎಂದಾಗಿಹೋಯಿತು. ಹೆಸರನ್ನೇ ನೆನಪಿಟ್ಟುಕೊಳ್ಳದವರು ಆಕೆಯ ಗತಿಯನ್ನು ನೆನಪಿಟ್ಟಾರೆಯೆ? ಮುಂದೆ ಕಾರ್ಲ್ ಬಾರ್ಕ್ಸ್ ಎಂಬ ಮಹಾ ಕಲಾವಿದರು ಇಪ್ಪತ್ತಕ್ಕೂ ಹೆಚ್ಚು ವರ್ಷ ಈ ಬಾತುಗಳ ಕಥೆಗಳನ್ನು ಬರೆದರು. 1947ರಲ್ಲಿ ಸ್ಕ್ರೂಜನನ್ನು ಸೃಷ್ಟಿಸಿದವರೂ ಅವರೇ. ಹುಡುಗರನ್ನು ಅವರು ಹಿಮಪರ್ವತಗಳಿಗೆ, ಮರುಭೂಮಿಗಳಿಗೆ, ಸಮುದ್ರದ ತಳಕ್ಕೆ ಕರೆದೊಯ್ದರು. ತಾಯಿಯ ಬಳಿಗೆ ಕರೆದೊಯ್ಯಲಿಲ್ಲ.

ಇದರ ಕಾರಣವನ್ನು ಊಹಿಸುವುದು ಕಷ್ಟವಲ್ಲ. ತಾಯಿ ಮನೆಯಲ್ಲಿದ್ದರೆ ಮಕ್ಕಳು ಬೆಳಗಾಗುತ್ತಲೇ ನಿಧಿಯನ್ನು ಹುಡುಕಲು ಹೊರಡುವಂತಿಲ್ಲ. ಊಟವಾಯಿತೇ, ಪಾಠ ಬರೆದಾಯಿತೇ ಎಂಬ ಪ್ರಶ್ನೆಗಳು ಏಳುವವು. ತಾಯಿ ತೀರಿಹೋದಳೆಂದರೆ ಹಾಸ್ಯದ ಪುಟಕ್ಕೆ ಶೋಕ ಬಂದುಬಿಡುವುದು. ಆದುದರಿಂದ ಇದ್ದಾಳೆ ಎಂದೂ ಹೇಳದೆ ಇಲ್ಲವೆಂದೂ ಹೇಳದೆ ಬಾಗಿಲನ್ನು ಅರ್ಧ ಮುಚ್ಚಿ ಹೋಗುವುದೇ ಕಥೆಗಾರನಿಗೆ ಅನುಕೂಲ. ಬೇರೊಂದು ಬಗೆಯ ಉತ್ತರವನ್ನು ಕೊಟ್ಟವರೂ ಉಂಟು. 1971ರಲ್ಲಿ ಚಿಲಿ ದೇಶದಲ್ಲಿ ಆರಿಯೆಲ್ ಡಾರ್ಫ್‌ಮನ್, ಆರ್ಮಾನ್ ಮ್ಯಾಟೆಲಾರ್ ಎಂಬಿಬ್ಬರು ಈ ಬಾತುಗಳನ್ನೇ ಕುರಿತು ಒಂದು ವಿಮರ್ಶಾಗ್ರಂಥವನ್ನು ಬರೆದರು. ತಂದೆತಾಯಿಗಳಿಲ್ಲದ ಈ ಲೋಕದಲ್ಲಿ ಉಳಿಯುವುದು ಮಾವನ ಅಧಿಕಾರವೊಂದೇ. ಆ ಅಧಿಕಾರ ಎಲ್ಲಿಂದ ಬಂತೆಂದು ಯಾರೂ ಕೇಳುವಂತಿಲ್ಲ. ಪ್ರೀತಿಯ ಕಟ್ಟಿಲ್ಲದೆ ಕೂಲಿಯ ಲೆಕ್ಕದ ಮೇಲೆಯೇ ಮನೆ ನಡೆಯುತ್ತದೆ ಎಂಬ ಧಾಟಿಯ ವಾದ ಅವರದು. 1973ರಲ್ಲಿ ಅಲ್ಲಿ ಸೈನ್ಯವು ಸರಕಾರವನ್ನು ಉರುಳಿಸಿದ ಮೇಲೆ ಆ ಪುಸ್ತಕವನ್ನು ಸುಟ್ಟರು. ಬಾತುಗಳ ತಾಯಿ ಎಲ್ಲಿ ಎಂದು ಕೇಳುವುದೂ ಕೆಲವೊಮ್ಮೆ ಇಷ್ಟು ದೊಡ್ಡ ಮಾತಾಗುವುದುಂಟು.

ಬಾತುಗಳ ಮನೆಯೊಂದೇ ಹೀಗೆಂದು ತಿಳಿಯಬೇಡಿ. ಸೊಪ್ಪು ತಿಂದು ಬಲ ಪಡೆಯುವ ನಾವಿಕ ಪೊಪ್ಪಾಯ್ ನಮಗೆಲ್ಲರಿಗೂ ಗೊತ್ತು. ಇ. ಸಿ. ಸೆಗಾರ್ ಎಂಬವರ ಚಿತ್ರಕಥೆಯಲ್ಲಿ ಅವನು ಮೊದಲು ಕಾಣಿಸಿದುದು 1929ರಲ್ಲಿ. ಅವನು ಎಳೆಗೂಸಾಗಿದ್ದಾಗಲೇ ತಂದೆ ಬಿಟ್ಟುಹೋಗಿದ್ದನು. 1936ರಲ್ಲಿ ಪೊಪ್ಪಾಯ್ ಆ ತಂದೆಯನ್ನು ಹುಡುಕಿ ತೆಗೆದನು. ಆದರೆ ಎಂಥ ತಂದೆ! 99 ವರ್ಷ ಪ್ರಾಯದ ಒರಟ. ಮಗನನ್ನು ಕಂಡುದರಿಂದ ಅವನಿಗೇನೂ ಹರ್ಷವಾಗಲಿಲ್ಲ. ಪೊಪ್ಪಾಯ್ ಅವನನ್ನು ತಂದೆಯೆಂದೇ ನಡೆಸಿಕೊಂಡನು. ಕಾಣೆಯಾದವರು ಸಿಕ್ಕಿದರೆ ಎಲ್ಲವೂ ಸರಿಯಾಗುವುದೆಂದು ನಾವು ತಿಳಿಯುತ್ತೇವೆ. ಸಿಕ್ಕಿದ ಮೇಲೆಯೂ ಮಗನ ಪಾಲಿಗೆ ಕೆಲಸ ಉಳಿದೇ ಇರುತ್ತದೆಯೆಂದು ಸೆಗಾರರು ಹಾಸ್ಯದಲ್ಲಿಯೇ ತೋರಿಸಿದ್ದಾರೆ.

ಇನ್ನೊಬ್ಬಳು ಆನಿ ಎಂಬ ಅನಾಥ ಬಾಲೆ. ಹೆರಾಲ್ಡ್ ಗ್ರೇ ಎಂಬವರು 1924ನೆಯ ಆಗಸ್ಟ್ 5ರಂದು ಆಕೆಯ ಕಥೆಯನ್ನು ಆರಂಭಿಸಿದರು. ವಾರ್‌ಬಕ್ಸ್ ಎಂಬ ಧನಿಕನು ಆಕೆಯನ್ನು ಮಗಳಂತೆ ಸಾಕುತ್ತಾನೆ; ಆದರೆ ಅವನೂ ಮತ್ತೆ ಮತ್ತೆ ಕಣ್ಮರೆಯಾಗುತ್ತಾನೆ, ಮತ್ತೆ ಮತ್ತೆ ಬರುತ್ತಾನೆ. ಗ್ರೇ 1968ರಲ್ಲಿ ತೀರಿಕೊಂಡ ಮೇಲೆ ಬೇರೆಯವರು ಕಥೆಯನ್ನು ಮುಂದುವರಿಸಿದರು. 2010ನೆಯ ಜೂನ್ 13ರಂದು ಅದು ನಿಂತಿತು. ನಿಂತ ದಿನ ಆನಿಯು ದುಷ್ಟನೊಬ್ಬನ ಸೆರೆಯಲ್ಲಿದ್ದಳು. ವಾರ್‌ಬಕ್ಸನಿಗೆ ಆಕೆ ಎಲ್ಲಿರುವಳೆಂದು ತಿಳಿದಿರಲಿಲ್ಲ. ಎಂಬತ್ತಾರು ವರ್ಷಗಳ ಕಥೆ ಹೀಗೆ ಒಂದು ಮಗುವನ್ನು ಕಾಣೆ ಮಾಡಿ ಮುಗಿಯಿತು. ಈ ಸಂಗತಿಯನ್ನು ಓದಿದಾಗ ನಗಲಾರದೆ ಹೋದೆನು. ಕಾರಣವನ್ನು ಹೇಳಬೇಕಾದರೆ ನಮ್ಮ ಮನೆಯ ಮಾತನ್ನೆತ್ತಬೇಕು, ವಾಚಕರು ಮನ್ನಿಸಬೇಕು.

ನನ್ನ ತಂದೆಗೆ ಒಬ್ಬ ತಮ್ಮನಿದ್ದನು. ನಮ್ಮ ಮಾತಿನಲ್ಲಿ ಅಪ್ಪಚ್ಚಿ ಎನ್ನುತ್ತೇವೆ. ನಾನು ಹುಟ್ಟುವುದಕ್ಕೆ ಬಹಳ ಮೊದಲೇ, 1974ರಲ್ಲಿ, ಅವನು ಊರ ಹುಡುಗರೊಡನೆ ಬೊಂಬಾಯಿಗೆ ಹೋಗಿ ಹೋಟೆಲೊಂದರಲ್ಲಿ ಕೆಲಸಕ್ಕೆ ನಿಂತನು. ಆಗಾಗ ಮನಿಆರ್ಡರು ಬರುತ್ತಿತ್ತು. ವರ್ಷಕ್ಕೆರಡು ಕಾಗದಗಳು ಬರುತ್ತಿದ್ದವು. 1978ರ ಕಾಗದದಲ್ಲಿ, ಈಗಿರುವ ಕೋಣೆಯನ್ನು ಬಿಡುತ್ತಿದ್ದೇನೆ, ಹೊಸ ವಿಳಾಸವನ್ನು ಮುಂದಿನ ಕಾಗದದಲ್ಲಿ ಬರೆಯುತ್ತೇನೆ ಎಂದಿತ್ತು. ಮುಂದಿನ ಕಾಗದ ಬರಲಿಲ್ಲ. ತಂದೆ ಎರಡು ಸಲ ಬೊಂಬಾಯಿಗೆ ಹೋಗಿ ಹುಡುಕಿದರು. ಕೆಲಸ ಬಿಟ್ಟು ಹೋದನೆಂದು ಹೇಳಿದವರುಂಟು. ಎಲ್ಲಿಗೆ ಎಂದು ಹೇಳಿದವರಿಲ್ಲ.

ಭಾದ್ರಪದದ ಮಹಾಲಯದಲ್ಲಿ ಗತಿಸಿದ ಬಂಧುಗಳೆಲ್ಲರ ಹೆಸರುಗಳನ್ನು ಒಬ್ಬೊಬ್ಬರಾಗಿ ಹೇಳಿ ಪಿಂಡವಿಡುವ ಕ್ರಮವಷ್ಟೆ. ವರ್ಷಗಳು ಉರುಳಿದ ಮೇಲೆ ಪುರೋಹಿತರು ಒಮ್ಮೆ ಸಂಕೋಚದಿಂದಲೇ ತಂದೆಯನ್ನು ಕೇಳಿದರು. ಒಳಗಿನಿಂದ ಅಜ್ಜಿ ಬಾಗಿಲಿಗೆ ಬಂದು, “ಅವನ ಹೆಸರು ಹೇಳೆಡಿ ಬಟ್ಟಮಾವಾ” ಎಂದರು. ಅಷ್ಟೇ ಮಾತು. ಶಾಸ್ತ್ರದಲ್ಲಿ ಇದಕ್ಕೂ ದಾರಿಯುಂಟು. ಹನ್ನೆರಡು ವರ್ಷ ಕಾದು, ಮುತ್ತುಗದ ತೊಟ್ಟುಗಳಿಂದ ಪ್ರತಿಕೃತಿಯನ್ನು ಮಾಡಿ ಸಂಸ್ಕಾರ ಮಾಡಬಹುದು. ಕಾನೂನು ಇನ್ನೂ ಬೇಗನೆ ಮುಗಿಸುತ್ತದೆ. ಏಳು ವರ್ಷ ಒಬ್ಬನ ಸುದ್ದಿ ಸಹಜವಾಗಿ ತಿಳಿಯಬೇಕಾದವರಿಗೇ ತಿಳಿಯದಿದ್ದರೆ, ಅವನು ಬದುಕಿದ್ದಾನೆಂದು ಹೇಳುವವರೇ ಅದನ್ನು ಸಿದ್ಧಪಡಿಸಬೇಕೆಂದು 1872ರ ಸಾಕ್ಷ್ಯ ಕಾಯಿದೆಯ 108ನೆಯ ವಿಧಿ ಹೇಳುತ್ತಿತ್ತು. ಅದರ ಸ್ಥಾನದಲ್ಲಿ ಬಂದ 2023ರ ಕಾಯಿದೆಯೂ ಅದನ್ನೇ ಉಳಿಸಿಕೊಂಡಿದೆ. ಅಜ್ಜಿ ಹನ್ನೆರಡನ್ನೂ ಒಪ್ಪಲಿಲ್ಲ, ಏಳನ್ನೂ ಒಪ್ಪಲಿಲ್ಲ. ಆಕೆ ತೀರಿಹೋದ ಮೇಲೆ ಆಸ್ತಿಯ ಪಾಲಾಯಿತು. ಅಪ್ಪಚ್ಚಿಯ ಪಾಲಿನ ಮೂವತ್ತು ಸೆಂಟ್ಸ್ ಅಡಿಕೆ ತೋಟವನ್ನು ತಂದೆ ಅವನ ಹೆಸರಿನಲ್ಲಿಯೇ ಬಿಟ್ಟರು. ಅದಕ್ಕೂ ಗೊಬ್ಬರ ಹಾಕುತ್ತಾರೆ, ಔಷಧಿ ಹೊಡೆಸುತ್ತಾರೆ. ಅವನು ಬರುವನೆಂದು ಅವರು ಹೇಳಿದುದನ್ನು ನಾನು ಕೇಳಿಲ್ಲ. ಬರಲಾರನೆಂದು ಹೇಳಿದುದನ್ನೂ ಕೇಳಿಲ್ಲ.

ಸಾವಿಗೆ ನಮ್ಮಲ್ಲಿ ಕ್ರಮವುಂಟು. ಹತ್ತು ದಿನ ಅಳುವುದಕ್ಕೆ, ಹನ್ನೆರಡನೆಯ ದಿನ ಪಿತೃಗಳೊಡನೆ ಸೇರಿಸುವುದಕ್ಕೆ, ವರ್ಷಕ್ಕೊಮ್ಮೆ ನೆನೆಯುವುದಕ್ಕೆ. ಕಾಣೆಯಾದವನಿಗೆ ಒಂದು ತಿಥಿಯೂ ಇಲ್ಲ. ಅವನನ್ನು ಕುರಿತ ದುಃಖವು ಆರಂಭವಾಗುವುದೂ ಇಲ್ಲ, ಆದುದರಿಂದ ಮುಗಿಯುವುದೂ ಇಲ್ಲ. ಚಿತ್ರಕಥೆಯವರಿಗೆ ಅನುಕೂಲವಾಗಿ ಕಂಡ ಈ ಅರ್ಧ ಮುಚ್ಚಿದ ಬಾಗಿಲು ಮನೆಯೊಂದರಲ್ಲಿದ್ದರೆ ಹೇಗಿರುವುದೆಂದು ಬಲ್ಲವರೇ ಬಲ್ಲರು. ಮತ್ತೊಂದು ಅಂತರವೂ ಉಂಟು. ಕಾಗದದ ಮಕ್ಕಳಿಗೆ ಪ್ರಾಯವಾಗುವುದಿಲ್ಲ. 1937ರಲ್ಲಿ ಪುಟ್ಟ ಹುಡುಗರಾಗಿದ್ದ ಹ್ಯೂಯಿ, ಡ್ಯೂಯಿ, ಲೂಯಿ ಇಂದಿಗೂ ಪುಟ್ಟ ಹುಡುಗರೇ. ತಾಯಿ ಎಷ್ಟು ತಡಮಾಡಿ ಬಂದರೂ ಅವರು ಅವಳ ಸೆರಗು ಹಿಡಿಯುವ ಎತ್ತರದಲ್ಲಿಯೇ ಇರುವರು. ನಮ್ಮ ಶಾಲೆಯ ಮಕ್ಕಳಾದರೋ ಪ್ರತಿ ಜೂನಿನಲ್ಲಿಯೂ ಒಂದು ತರಗತಿ ಮೇಲೇರುತ್ತಾರೆ. ತಡವಾಗಿ ಬಂದವರಿಗೆ ಅದೇ ಮಗು ಸಿಕ್ಕುವುದಿಲ್ಲ.

ಹೀಗಿದ್ದರೂ ಆಶ್ಚರ್ಯದ ಸಂಗತಿಯೆಂದರೆ, ಕಾಗದದ ಮೇಲಿನ ಈ ತೆರವನ್ನು ಸಹ ಓದುಗರು ಸಹಿಸಿಕೊಂಡಿರಲಿಲ್ಲ. ಬಾಲ್ಯದಲ್ಲಿ ಓದಿದವರೇ ಮುಂದೆ ಲೇಖಕರಾಗಿ ಉತ್ತರ ಕೊಡಲು ಹೊರಟರು. ಡಾನ್ ರೋಸಾ ಎಂಬವರು 1992ರಿಂದ 1994ರವರೆಗೆ ಸ್ಕ್ರೂಜನ ಜೀವನಚರಿತ್ರೆಯನ್ನು ಹನ್ನೆರಡು ಭಾಗಗಳಲ್ಲಿ ಬರೆದು, ಬಾತುಗಳ ವಂಶವೃಕ್ಷವನ್ನೂ ಚಿತ್ರಿಸಿದರು. ಅದರಲ್ಲಿ ಡೊನಾಲ್ಡನ ಸೋದರಿಯಾಗಿ ಡೆಲ್ಲಾ ಇದ್ದಾಳೆ. ಆಕೆಯ ಗಂಡನ ಮುಖವಿರಬೇಕಾದಲ್ಲಿ ಒಂದು ಹಕ್ಕಿ ಅಡ್ಡವಾಗಿದೆ! ತಿಳಿಯದುದನ್ನು ತಿಳಿದಂತೆ ಬರೆಯದೆ, ಇಲ್ಲವೆಂದು ಅಳಿಸಿಯೂ ಹಾಕದೆ, ಅವನಿಗೊಂದು ಸ್ಥಳವನ್ನಿಟ್ಟು ಮುಖವನ್ನು ಮಾತ್ರ ಮರೆಮಾಡಿದ ಆ ಹಕ್ಕಿಯನ್ನು ನಾನು ಮೆಚ್ಚಿಕೊಂಡಿದ್ದೇನೆ. 2014ರಲ್ಲಿ ನೆದರ್ಲೆಂಡ್ಸಿನ ಡೊನಾಲ್ಡ್ ಡಕ್ ವಾರಪತ್ರಿಕೆಯ ಕಥೆಯೊಂದು, ಡೆಲ್ಲಾ ಗಗನಯಾತ್ರಿಯಾಗಿ ಆಕಾಶಕ್ಕೆ ಹೋಗಿ ಮರಳಲಿಲ್ಲವೆಂದು ಹೇಳಿತು. 2017ರಲ್ಲಿ ಹೊಸದಾಗಿ ಆರಂಭವಾದ ದೂರದರ್ಶನ ಮಾಲಿಕೆಯಲ್ಲಿಯೂ ಆಕೆ ಮಕ್ಕಳು ಮೊಟ್ಟೆಯೊಡೆದು ಬರುವ ಮೊದಲೇ ರಾಕೆಟ್ಟನ್ನೇರಿ ಹೋಗಿ ಚಂದ್ರನಲ್ಲಿ ಸಿಕ್ಕಿಕೊಂಡಿದ್ದಳು; 2019ರ ಕಂತುಗಳಲ್ಲಿ ಮನೆಗೆ ಬಂದಳು. ಎಂಬತ್ತೆರಡು ವರ್ಷಗಳ ಮೇಲೆ! ತಂದೆಯ ಮಾತು ಅಲ್ಲಿಯೂ ಇಲ್ಲ.

ಆನಿಯ ಕಥೆಗೆ ಇದಕ್ಕಿಂತ ಸುಂದರವಾದ ಮುಕ್ತಾಯ ಒದಗಿತು. ಆಕೆಯ ಪುಟ ನಿಂತುಹೋಗಿದ್ದಿತಷ್ಟೆ. 2014ರಲ್ಲಿ ಡಿಕ್ ಟ್ರೇಸಿ ಎಂಬ ಬೇರೊಂದು ಚಿತ್ರಕಥೆಯ ಪತ್ತೇದಾರನು ಆಕೆಯನ್ನು ಹುಡುಕಲು ಹೊರಟನು. ಅವನ ಕಥೆಯನ್ನು ಆಗ ನಡೆಸುತ್ತಿದ್ದ ಮೈಕ್ ಕರ್ಟಿಸ್, ಜೋ ಸ್ಟೇಟನ್ ಎಂಬವರು ತಮ್ಮ ಪುಟದಲ್ಲಿ ಆಕೆಗೆ ಜಾಗ ಕೊಟ್ಟು, ಪತ್ತೆಹಚ್ಚಿ, ವಾರ್‌ಬಕ್ಸನಿಗೆ ಒಪ್ಪಿಸಿದರು. ಸ್ವಂತ ಮನೆಯವರು ಕೈಬಿಟ್ಟ ಮಗುವನ್ನು ನೆರೆಮನೆಯವರು ಹುಡುಕಿ ತಂದಂತೆ ಇದು. ಇಂಥ ಉಪಕಾರವು ಸಾಹಿತ್ಯದಲ್ಲಿ ಹೊಸತೇನಲ್ಲ. ವಾಲ್ಮೀಕಿಗಳು ಅಯೋಧ್ಯೆಯಲ್ಲಿ ಬಿಟ್ಟು ಮುಂದೆ ಸಾಗಿದ ಊರ್ಮಿಳೆಯನ್ನು ಕುವೆಂಪು ಅವರು ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯದಲ್ಲಿ ತಪಸ್ವಿನಿಯಾಗಿ ಕಾಣಿಸಿದುದನ್ನು ನಮ್ಮ ಓದುಗರು ಬಲ್ಲರು. ಒಬ್ಬನ ಲೇಖನಿ ಮರೆತವರನ್ನು ಇನ್ನೊಬ್ಬನ ಲೇಖನಿ ನೆನೆಯುವುದು.

ಈಗ ನಮ್ಮ ತರಗತಿಗೆ ಬರೋಣ. ಗಲ್ಫಿನಿಂದ ರಜೆಗೆ ಬಂದ ಪೋಷಕರೊಬ್ಬರು ಒಂದು ಕಟ್ಟು ಇಂಗ್ಲಿಷ್ ಚಿತ್ರಕಥೆಗಳನ್ನು ಶಾಲೆಗೆ ಕೊಟ್ಟಿದ್ದರು. ನಾಲ್ಕನೆಯ ತರಗತಿಗೆ ಚಿತ್ರಗಳನ್ನು ತೋರಿಸಿ ಕಥೆಯನ್ನು ಕನ್ನಡದಲ್ಲಿ ಹೇಳುತ್ತಿದ್ದೆನು. “ಮಾಷ್ಟ್ರೇ, ಇವರ ಅಮ್ಮ ಎಲ್ಲಿ?” ಎಂದು ಒಬ್ಬನು ಕೇಳಿದನು. ಉತ್ತರ ಹೇಳುವ ಮೊದಲೇ ತರಗತಿಯು ಪ್ರಶ್ನೆಯನ್ನು ಕೈಗೆತ್ತಿಕೊಂಡಿತು. ತೀರಿಹೋಗಿರಬೇಕು ಎಂದನೊಬ್ಬ. ದುಬಾಯಿಯಲ್ಲಿರಬೇಕು ಎಂದಳೊಬ್ಬಳು. ಮೂರು ಮಕ್ಕಳ ಚಿತ್ರ ಬರೆದಾಗ ಪುಟದಲ್ಲಿ ಜಾಗ ಮುಗಿದಿರಬೇಕು ಎಂದು ಮತ್ತೊಬ್ಬನು. ವಿಮರ್ಶಕರು ಹೇಳಿದ ಕಾರಣಗಳಲ್ಲಿ ಇದೇನೂ ಕಡಿಮೆಯದಲ್ಲವೆಂದು ನನಗೆ ತೋರಿತು. ಸೋದರಮಾವನ ಮನೆಯಲ್ಲಿದ್ದು ಶಾಲೆಗೆ ಬರುವ ಹುಡುಗಿಯೊಬ್ಬಳು ಅಲ್ಲಿದ್ದಳು. ಆಕೆಯ ತಾಯಿಯ ವಿಚಾರ ಊರಿಗೂ ತಿಳಿಯದು, ಮಾವನಿಗೂ ತಿಳಿಯದು. ಆಕೆ ಬಹಳ ಹೊತ್ತು ಚಿತ್ರವನ್ನೇ ನೋಡಿ, “ದೂರದಲ್ಲಿ ದೊಡ್ಡ ಕೆಲಸ ಇರ್ಬೇಕು ಮಾಷ್ಟ್ರೇ. ಅರ್ಧದಲ್ಲಿ ಬಿಟ್ಟು ಬರ್ಲಿಕ್ಕೆ ಆಗುದಿಲ್ಲ” ಎಂದಳು. ನೆದರ್ಲೆಂಡ್ಸಿನ ಲೇಖಕರು ಎಪ್ಪತ್ತೇಳು ವರ್ಷಗಳ ಅನಂತರ ಕಂಡುಹಿಡಿದ ಉತ್ತರವನ್ನು ಈಕೆ ಕುಳಿತಲ್ಲಿಯೇ ಕೊಟ್ಟಿದ್ದಳು. ಹೌದೆಂದು ನಾನು ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಇರಬಹುದು ಮಗಳೇ, ಪುಸ್ತಕದಲ್ಲಿ ಬರೆದಿಲ್ಲ ಎಂದೆನು. ಆಕೆ ಒಪ್ಪಿದವಳಂತೆ ತಲೆಯಾಡಿಸಿದಳು. ಪುಟ ಮಗುಚಿದೆವು, ಕಥೆ ಮುಂದೆ ಸಾಗಿತು.

ಇದನ್ನು ಬರೆದ ಉದ್ದೇಶ ಸಹೋದ್ಯೋಗಿಗಳೊಡನೆ ಒಂದೆರಡು ಮಾತನ್ನಾಡುವುದೇ ಆಗಿದೆ. ನಮ್ಮ ಕೈಯಲ್ಲಿ ಕಾಲಂಗಳು ಬಹಳ. ದಾಖಲಾತಿ ಪುಸ್ತಕ, ವಿದ್ಯಾರ್ಥಿವೇತನದ ಅರ್ಜಿ, ‘ನನ್ನ ಕುಟುಂಬ’ ಎಂಬ ಪ್ರಬಂಧ, ಅದೇ ಹೆಸರಿನ ಚಿತ್ರ. ಒಂದೊಂದರಲ್ಲಿಯೂ ತಂದೆ ಎಲ್ಲಿ, ತಾಯಿ ಎಲ್ಲಿ ಎಂದು ಮಗುವನ್ನು ಕೇಳುತ್ತೇವೆ. ಹೆಚ್ಚಿನ ಮಕ್ಕಳು ನಿಮಿಷದಲ್ಲಿ ತುಂಬಿಸುತ್ತಾರೆ. ಒಂದು ಮಗು ಪೆನ್ಸಿಲನ್ನು ಕಚ್ಚುತ್ತ ಕುಳಿತುಬಿಡುತ್ತದೆ. ಆ ಮಗುವಿಗೆ ನಾವಾಗಿಯೇ ಒಂದು ಉತ್ತರವನ್ನು ಹೇಳಿಕೊಡುವುದು ಬೇಡ. ತರಗತಿಯ ಮುಂದೆ ನಿಲ್ಲಿಸಿ ಉತ್ತರವನ್ನು ಕೇಳುವುದೂ ಬೇಡ. ಕಚೇರಿಗೆ ಬೇಕಾದ ವಿವರವನ್ನು ಮನೆಯ ಹಿರಿಯರಿಂದ ಮರೆಯಲ್ಲಿ ಕೇಳಿ ತಿಳಿಯಬಹುದು. ಅದು ಬರೆಯುವ ಚಿತ್ರದಲ್ಲಿ ಮಾವನ ಪಕ್ಕದಲ್ಲಿ ಸ್ವಲ್ಪ ಜಾಗ ಬಿಟ್ಟಿದ್ದರೆ, ಇಲ್ಲಿ ಬಣ್ಣ ತುಂಬಲು ಮರೆತೆಯಾ ಎಂದು ಕೇಳದಿರೋಣ. ಅಂಕಗಳನ್ನು ಪೂರ್ತಿಯಾಗಿ ಕೊಟ್ಟು ಹಾಳೆಯನ್ನು ಹಿಂದಿರುಗಿಸೋಣ.